ಕುಂಡದ ಮಣ್ಣಿನ ಮೇಲೆ ಬಿಳಿ ಬೂಸ್ಟು: ಗಿಡ ಎಸೆಯುವ ಮುನ್ನ ಇದನ್ನು ತಿಳಿದುಕೊಳ್ಳಿ

ಮುಂಬೈ, ಪುಣೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಚೆನ್ನೈನಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ದೆಹಲಿಯಲ್ಲಿ ಮಂಜು ಮುಸುಕಿದ ಚಳಿಗಾಲದಲ್ಲಿ ಬಾಲ್ಕನಿ ತೋಟ ಮಾಡುವವರಿಗೆ ಒಂದೇ ತಲೆನೋವು. ಕುಂಡದ ಮಣ್ಣಿನ ಮೇಲೆ ಹತ್ತಿ ಹರಡಿದಂತೆ ಬಿಳಿ ಬೂಸ್ಟು ಕಾಣಿಸಿಕೊಳ್ಳುತ್ತದೆ. ಗಿಡಕ್ಕೆ ರೋಗ ಬಂತೆಂದು ಕೆಲವರು ಕುಂಡ ಸಮೇತ ಎಸೆಯುತ್ತಾರೆ, ಇನ್ನು ಕೆಲವರು ಅಡುಗೆ ಸೋಡಾ, ವಿನೆಗರ್ ಎಂದು ಕೈಗೆ ಸಿಕ್ಕಿದ್ದನ್ನೆಲ್ಲ ಸುರಿಯುತ್ತಾರೆ. ಬಹುತೇಕ ಸಂದರ್ಭಗಳಲ್ಲಿ ಎರಡೂ ಬೇಕಿಲ್ಲ. ನೀರು ಹೆಚ್ಚಾಗಿದೆ, ಗಾಳಿ ಕಡಿಮೆಯಾಗಿದೆ ಎಂಬ ಸೂಚನೆಯನ್ನು ಈ ಬೂಸ್ಟು ಕೊಡುತ್ತಿರುತ್ತದೆ.

ಬೂಸ್ಟು ಬರುವುದೇಕೆ?

ಶಿಲೀಂಧ್ರದ ಬೀಜಕಣಗಳು ಗಾಳಿ, ಮಣ್ಣು, ಗೊಬ್ಬರ ಎಲ್ಲ ಕಡೆಯೂ ಇರುತ್ತವೆ. ತೇವ, ನೆರಳು, ತಿನ್ನಲು ಕೊಳೆಯುವ ವಸ್ತು ಒಟ್ಟಿಗೆ ಸಿಕ್ಕರೆ ಅವು ಮೊಳೆತು ಬಿಳಿ ಎಳೆಗಳಾಗಿ ಹರಡುತ್ತವೆ. ಕುಂಡದ ಮೇಲೆ ಕಾಣುವ ಬೂಸ್ಟಿನಲ್ಲಿ ಹೆಚ್ಚಿನವು ಕೊಳೆತಿನಿ ಶಿಲೀಂಧ್ರಗಳು. ಅವುಗಳ ಆಹಾರ ಒಣಗಿದ ಎಲೆ, ತೆಂಗಿನ ನಾರು, ಅರೆಬರೆ ಕೊಳೆತ ಗೊಬ್ಬರ. ಆರೋಗ್ಯವಂತ ಗಿಡದ ಬೇರಿಗೆ ಅವು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ.

ಫ್ಲ್ಯಾಟ್‌ಗಳಲ್ಲಿ ಈ ಸಮಸ್ಯೆ ಹೆಚ್ಚಲು ಕಾರಣಗಳಿವೆ. ನರ್ಸರಿ ಗಿಡಗಳು ಹೆಚ್ಚಾಗಿ ಕೊಕೊಪೀಟ್ ತುಂಬಿಕೊಂಡೇ ಬರುತ್ತವೆ. ಅದು ನೀರನ್ನು ಬಹಳ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಮಣ್ಣಿನ ಕುಂಡದ ಗೋಡೆಯಿಂದ ತೇವ ಆರಿದಂತೆ ಪ್ಲಾಸ್ಟಿಕ್ ಮತ್ತು ಪಿಂಗಾಣಿ ಪಾಟ್‌ಗಳಲ್ಲಿ ಆರುವುದಿಲ್ಲ. ನೆಲ ಒದ್ದೆಯಾಗದಿರಲಿ ಎಂದು ಕೆಳಗಿಟ್ಟ ತಟ್ಟೆಯಲ್ಲಿ ನೀರು ನಿಂತರೆ ಮಣ್ಣು ಅದನ್ನೇ ಮತ್ತೆ ಹೀರುತ್ತದೆ.

ಅಡುಗೆಮನೆಯಿಂದ ಬರುವ 'ಗೊಬ್ಬರ' ಇನ್ನೊಂದು ಕಾರಣ. ಹಾಲು-ಸಕ್ಕರೆ ಬೆರೆತ ಚಹಾ ಪುಡಿ, ಅಕ್ಕಿ ತೊಳೆದ ನೀರು, ಮಜ್ಜಿಗೆ, ತುಳಸಿಗೆ ಎರೆದ ಹಾಲು ಬೂಸ್ಟಿಗೆ ಒಳ್ಳೆಯ ಊಟ. ಬೇವಿನ ಹಿಂಡಿಯನ್ನು ಮಣ್ಣಿನಲ್ಲಿ ಬೆರೆಸದೆ ಮೇಲೆ ಉದುರಿಸಿ ನೀರು ಹಾಕಿದರೂ ಕೆಲವೇ ದಿನಗಳಲ್ಲಿ ಬಿಳಿ ಪದರ ಕಟ್ಟುತ್ತದೆ.

ಬಿಳಿಯಾಗಿ ಕಂಡಿದ್ದೆಲ್ಲ ಬೂಸ್ಟಲ್ಲ

ಪರಿಹಾರ ಹುಡುಕುವ ಮೊದಲು ಅದೇನೆಂದು ಗುರುತಿಸಿ. ಒಂದಕ್ಕೆ ಮಾಡುವ ಚಿಕಿತ್ಸೆ ಇನ್ನೊಂದಕ್ಕೆ ಮುಳುವಾಗಬಹುದು.

* ಸಾಮಾನ್ಯ ಬೂಸ್ಟು: ಹತ್ತಿ ಅಥವಾ ಜೇಡರ ಬಲೆಯಂತೆ ಮೃದು. ಮಣ್ಣಿನ ಮೇಲಷ್ಟೇ ಇರುತ್ತದೆ, ಗಿಡ ಚೆನ್ನಾಗಿಯೇ ಇರುತ್ತದೆ.

* ಉಪ್ಪಿನ ಪದರ: ಮುಟ್ಟಿದರೆ ಗಟ್ಟಿ, ಉಗುರಿನಿಂದ ಕೆರೆದರೆ ಪುಡಿ ಉದುರುತ್ತದೆ. ಕುಂಡದ ಅಂಚಿನಲ್ಲೂ ಕಾಣುತ್ತದೆ. ಬೋರ್‌ವೆಲ್ ಅಥವಾ ಟ್ಯಾಂಕರ್‌ನ ಗಡಸು ನೀರು ಬಳಸುವ ಮನೆಗಳಲ್ಲಿ, ರಾಸಾಯನಿಕ ಗೊಬ್ಬರ ಹೆಚ್ಚಾದಾಗ ಇದು ಸಾಮಾನ್ಯ. ಒಂದು ಹನಿ ವಿನೆಗರ್ ಹಾಕಿದಾಗ ನೊರೆ ಬಂದರೆ ಅದು ಸುಣ್ಣದ ಅಂಶ. ಪದರ ಕೆರೆದು ತೆಗೆದು, ಕೆಳಗಿನ ತೂತಿನಿಂದ ಹರಿದು ಹೋಗುವಷ್ಟು ಒಳ್ಳೆಯ ನೀರು ಹಾಯಿಸಬೇಕು. ಬೂಸ್ಟಿಗೆ ಮಾಡಬೇಕಾದದ್ದು ಇದಕ್ಕೆ ತದ್ವಿರುದ್ಧ.

* ಹಿಟ್ಟು ತಿಗಣೆ: ಕಾಂಡದ ಗೆಣ್ಣು, ಎಲೆಯ ಅಡಿ, ಕೆಲವೊಮ್ಮೆ ಬೇರಿನ ಮೇಲೆ ಹಿಟ್ಟಿನಂತೆ ಅಂಟಿಕೊಂಡಿರುತ್ತದೆ. ಇದು ರಸ ಹೀರುವ ಕೀಟ. ದಾಸವಾಳಕ್ಕೆ ಇದರ ಕಾಟ ಜಾಸ್ತಿ.

* ಬುಡ ಕೊಳೆ ರೋಗ: ನಿಜವಾಗಿ ಹೆದರಬೇಕಾದದ್ದು ಇದಕ್ಕೆ. ಕಾಂಡದ ಬುಡವನ್ನೇ ಬಿಳಿ ಎಳೆಗಳು ಸುತ್ತಿಕೊಂಡು, ಅವುಗಳ ನಡುವೆ ಸಾಸಿವೆ ಕಾಳಿನಂಥ ಕಂದು ಗುಂಡುಗಳು ಕಂಡರೆ ಅದು ಸ್ಕ್ಲೆರೋಷಿಯಂ ಎಂಬ ರೋಗಕಾರಕ ಶಿಲೀಂಧ್ರ. ಶೇಂಗಾ, ಟೊಮೆಟೊ ಸೇರಿ ನೂರಾರು ಜಾತಿಯ ಸಸ್ಯಗಳಿಗೆ ಇದು ತಗಲುತ್ತದೆ. ಬುಡ ಮೆತ್ತಗಾಗಿ ಗಿಡ ಬಾಡುತ್ತದೆ. ಅಂಥ ಗಿಡವನ್ನು ಮಣ್ಣಿನ ಸಮೇತ ಚೀಲದಲ್ಲಿ ಕಟ್ಟಿ ಎಸೆಯಿರಿ. ಆ ಮಣ್ಣನ್ನು ಬೇರೆ ಕುಂಡಕ್ಕಾಗಲಿ ಕಾಂಪೋಸ್ಟ್ ಡಬ್ಬಕ್ಕಾಗಲಿ ಹಾಕಬೇಡಿ.

ಇತ್ತೀಚೆಗೆ ಟ್ರೈಕೋಡರ್ಮಾ ಹಾಕಿದ್ದರೆ ಇನ್ನೊಂದು ಸಾಧ್ಯತೆಯೂ ಇದೆ. ಬೇರು ಕೊಳೆ ತಡೆಯಲು ಬಳಸುವ ಈ ಉಪಕಾರಿ ಶಿಲೀಂಧ್ರವೂ ಮೊದಲು ಬಿಳಿಯಾಗಿ ಬೆಳೆದು ನಂತರ ಹಸಿರಾಗುತ್ತದೆ. ಅದನ್ನು ಹಾಗೇ ಬಿಡಬಹುದು.

ಬೂಸ್ಟು ತೆಗೆಯುವುದು ಹೇಗೆ?

1. ಕುಂಡವನ್ನು ಬಾಲ್ಕನಿಗೆ ತನ್ನಿ, ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ. ಮಣ್ಣು ಒಣಗಿದ್ದರೆ ಸ್ವಲ್ಪ ನೀರು ಚಿಮುಕಿಸಿ, ಬೀಜಕಣಗಳು ಹಾರುವುದು ಕಡಿಮೆಯಾಗುತ್ತದೆ.

2. ಹಳೆಯ ಚಮಚದಿಂದ ಮೇಲಿನ 1ರಿಂದ 2 ಸೆಂಟಿಮೀಟರ್ ಮಣ್ಣು ತೆಗೆದು ಚೀಲದಲ್ಲಿ ಕಟ್ಟಿ ಎಸೆಯಿರಿ. ಉದುರಿದ ಎಲೆಗಳನ್ನೂ ಆರಿಸಿ.

3. ಬೇರಿಗೆ ಪೆಟ್ಟಾಗದಂತೆ ಉಳಿದ ಮಣ್ಣನ್ನು ಸಡಿಲಿಸಿ. ಗಾಳಿಯಾಡುವ, ಗಿಡ ತಾಳುವಷ್ಟು ಬಿಸಿಲು ಬೀಳುವ ಜಾಗದಲ್ಲಿಡಿ.

4. ಬೆರಳನ್ನು ಮಣ್ಣಿಗಿಳಿಸಿ, 2-3 ಸೆಂಟಿಮೀಟರ್ ಆಳದವರೆಗೆ ಒಣಗಿದೆ ಎನಿಸುವವರೆಗೆ ನೀರು ಹಾಕಬೇಡಿ. ಸ್ನೇಕ್ ಪ್ಲಾಂಟ್, ಲೋಳೆಸರದಂಥ ಗಿಡಗಳಿಗೆ ಮಣ್ಣು ಪೂರ್ತಿ ಒಣಗಲಿ.

5. ಒಂದೆರಡು ವಾರದಲ್ಲಿ ಬೂಸ್ಟು ಮರಳಿ ಬಂದರೆ ಕುಂಡದ ತೂತು ಮುಚ್ಚಿದೆಯೇ ನೋಡಿ. ಗಿಡವನ್ನು ಹೊರತೆಗೆದಾಗ ಬೇರು ಕಪ್ಪಾಗಿ, ಮೆತ್ತಗಾಗಿ, ವಾಸನೆ ಬರುತ್ತಿದ್ದರೆ ಆ ಭಾಗ ಕತ್ತರಿಸಿ ಹೊಸ ಮಣ್ಣಿಗೆ ಬದಲಿಸಿ.

ಮನೆಮದ್ದು ಎಷ್ಟು ಸರಿ?

ದಾಲ್ಚಿನ್ನಿಯಲ್ಲಿ ಶಿಲೀಂಧ್ರ ತಡೆಯುವ ಗುಣವಿದೆ. ಕೆರೆದ ಮೇಲೆ ತೆಳುವಾಗಿ ಪುಡಿ ಉದುರಿಸಿದರೆ ತೊಂದರೆಯಿಲ್ಲ, ಆದರೆ ಮಣ್ಣು ಒದ್ದೆಯಾಗಿಯೇ ಇದ್ದರೆ ಅದೂ ಸೋಲುತ್ತದೆ. ಅಡುಗೆ ಸೋಡಾ ಮತ್ತೆ ಮತ್ತೆ ಹಾಕಿದರೆ ಸೋಡಿಯಂ ಸೇರಿ ಮಣ್ಣು ಕೆಡುತ್ತದೆ. ವಿನೆಗರ್ ಸುರಿದರೆ ಬೇರು ಸುಡುತ್ತದೆ. ರಾಸಾಯನಿಕ ಶಿಲೀಂಧ್ರನಾಶಕ ಸಾಮಾನ್ಯ ಬೂಸ್ಟಿಗೆ ಅನಗತ್ಯ. ಅದು ಮಣ್ಣಿನ ಉಪಕಾರಿ ಜೀವಿಗಳನ್ನೂ ಕೊಲ್ಲುತ್ತದೆ, ಟ್ರೈಕೋಡರ್ಮಾ ಜೊತೆಗಂತೂ ಹಾಕಲೇಬಾರದು.

ಯಾರು ಎಚ್ಚರ ವಹಿಸಬೇಕು?

ಗಿಡಕ್ಕೆ ಅಪಾಯವಿಲ್ಲದ ಬೂಸ್ಟು ಮನೆಯವರಿಗೆ ತೊಂದರೆ ಕೊಡಬಹುದು. ಅಸ್ತಮಾ, ಅಲರ್ಜಿ ಇರುವವರಿಗೆ ಬೀಜಕಣಗಳಿಂದ ಸೀನು, ಕೆಮ್ಮು, ಉಬ್ಬಸ ಹೆಚ್ಚಬಹುದು. ಕೀಮೋಥೆರಪಿ ಪಡೆಯುತ್ತಿರುವವರು, ಅಂಗಾಂಗ ಕಸಿ ಆದವರು ಇಂಥ ಕುಂಡಗಳಿಂದ ದೂರವಿರಬೇಕು. ಮಣ್ಣಿನಲ್ಲಿ ಸಾಮಾನ್ಯವಾಗಿರುವ ಆಸ್ಪರ್ಜಿಲಸ್ ಶಿಲೀಂಧ್ರ ಅವರ ಶ್ವಾಸಕೋಶಕ್ಕೆ ಗಂಭೀರ ಸೋಂಕು ತರಬಲ್ಲದು. ಇಂಥವರಿರುವ ಮನೆಯಲ್ಲಿ ಮಣ್ಣು ಕೆರೆಯುವ, ಬದಲಿಸುವ ಕೆಲಸವನ್ನು ಬೇರೆಯವರು ಮಾಡಲಿ, ಮಲಗುವ ಕೋಣೆಯಲ್ಲಿ ಕುಂಡ ಬೇಡ.

ಮಣ್ಣಿನ ಮೇಲೆ ಸಣ್ಣ ಕಪ್ಪು ನುಸಿಗಳು ಹಾರುತ್ತಿದ್ದರೂ ಗಮನಿಸಿ. ಅವುಗಳ ಮರಿಹುಳುಗಳು ಶಿಲೀಂಧ್ರವನ್ನೂ ಎಳೆ ಬೇರನ್ನೂ ತಿನ್ನುತ್ತವೆ. ಮಣ್ಣು ಒಣಗಿಸುವುದು ಮತ್ತು ಹಳದಿ ಅಂಟು ಕಾರ್ಡ್ ಇಡುವುದು ಇದಕ್ಕೆ ಪರಿಹಾರ. ಆಗಷ್ಟೇ ಮೊಳೆತ ಮೆಂತ್ಯ, ಕೊತ್ತಂಬರಿ, ಟೊಮೆಟೊ ಸಸಿಗಳ ವಿಷಯದಲ್ಲಂತೂ ತಡ ಮಾಡಬೇಡಿ, ಅತಿ ತೇವದಲ್ಲಿ ಅವು ಬುಡ ಕೊಳೆತು ಬೀಳುತ್ತವೆ.

ಮತ್ತೆ ಬರದಂತೆ

ಕೆಂಪು ಮಣ್ಣು, ಪೂರ್ತಿ ಕಳಿತ ಎರೆಗೊಬ್ಬರ, ದಪ್ಪ ಮರಳು ಅಥವಾ ಪರ್ಲೈಟ್ ಸಮನಾಗಿ ಬೆರೆಸಿದರೆ ಹೆಚ್ಚಿನ ಮನೆಗಿಡಗಳಿಗೆ ನೀರು ಸರಾಗವಾಗಿ ಬಸಿದು ಹೋಗುತ್ತದೆ. ನೀರನ್ನು ಬೆಳಿಗ್ಗೆ ಹಾಕಿ, ಅರ್ಧ ಗಂಟೆಯ ನಂತರ ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ಕುಂಡಗಳ ನಡುವೆ ಗಾಳಿಯಾಡಲು ಜಾಗ ಬಿಡಿ. ಹಿಂಡಿ, ಗೊಬ್ಬರಗಳನ್ನು ಮಣ್ಣಿನೊಳಗೆ ಬೆರೆಸಿ. ಪೂಜೆಯ ಹಾಲನ್ನು ತುಳಸಿಗೆ ಒಂದೆರಡು ಹನಿಯಷ್ಟೇ ಎರೆದು, ನಿತ್ಯದ ನೀರನ್ನೂ ಮಣ್ಣಿನ ತೇವ ನೋಡಿಕೊಂಡು ಹಾಕಿದರೆ ಗಿಡ ಮಳೆಗಾಲವನ್ನು ಸುಲಭವಾಗಿ ದಾಟುತ್ತದೆ.