ಲೆಸೊಥೊ: ಸೇವೆಗೆ ಹೊರಡುವ ಮುನ್ನ ತಿಳಿಯಬೇಕಾದದ್ದು

ನಾಲ್ಕೂ ದಿಕ್ಕಿನಲ್ಲಿ ದಕ್ಷಿಣ ಆಫ್ರಿಕಾದಿಂದ ಸುತ್ತುವರಿದ ಪುಟ್ಟ ರಾಜ್ಯ ಲೆಸೊಥೊ. ವಿಸ್ತೀರ್ಣ ಸುಮಾರು 30,355 ಚದರ ಕಿ.ಮೀ., ಜನಸಂಖ್ಯೆ 20 ಲಕ್ಷಕ್ಕೂ ಹೆಚ್ಚು, ರಾಜಧಾನಿ ಮಸೇರು. ಬ್ರಿಟಿಷರಿಂದ 1966ರ ಅಕ್ಟೋಬರ್ 4ರಂದು ಸ್ವತಂತ್ರವಾಯಿತು. ಜನರನ್ನು ಬಸೊಥೊ ಎಂದೂ ಭಾಷೆಯನ್ನು ಸೆಸೊಥೊ ಎಂದೂ ಕರೆಯುತ್ತಾರೆ. ಇಂಗ್ಲಿಷ್ ಕೂಡ ಆಡಳಿತ ಭಾಷೆ.

ಹವೆ ಮತ್ತು ಪ್ರಯಾಣ: ಇಡೀ ದೇಶ ಸಮುದ್ರಮಟ್ಟದಿಂದ 1,400 ಮೀಟರಿಗಿಂತ ಎತ್ತರದಲ್ಲಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ಕಡು ಚಳಿಗಾಲ. ಬೆಟ್ಟಗಳಲ್ಲಿ ಹಿಮ ಬೀಳುತ್ತದೆ. ಕರಾವಳಿಯ ಸೆಕೆಗೆ ಒಗ್ಗಿದವರು ಉಣ್ಣೆ ಬಟ್ಟೆ ಮರೆಯಬಾರದು. ಮಲೇರಿಯಾದ ಭಯವಿಲ್ಲ. ದಕ್ಷಿಣ ಆಫ್ರಿಕಾದ ಮೂಲಕವೇ ಹೋಗಬೇಕಾದ್ದರಿಂದ ಎರಡೂ ದೇಶಗಳ ವೀಸಾ ನಿಯಮಗಳನ್ನು ಮೊದಲೇ ವಿಚಾರಿಸಬೇಕು. ಲೋಟಿ ಇಲ್ಲಿನ ನಾಣ್ಯ. ಅಷ್ಟೇ ಬೆಲೆಯ ರ‍್ಯಾಂಡ್ ಕೂಡ ಚಲಾವಣೆಯಲ್ಲಿದೆ.

ಧರ್ಮಸಭೆ: ರಾಜ ಮೊಶ್ವೇಶ್ವೆಯ ಅನುಮತಿಯಿಂದ 1862ರಲ್ಲಿ ಓಬ್ಲೇಟ್ ಸಭೆಯ ಗುರುಗಳು ಇಲ್ಲಿ ಕೆಲಸ ಆರಂಭಿಸಿದರು. ಅವರಲ್ಲಿ ಫ್ರಾನ್ಸಿನ ಫಾದರ್ ಜೋಸೆಫ್ ಜೆರಾರ್ ಜನರ ಭಾಷೆ ಕಲಿತು, ಕುದುರೆ ಏರಿ ಬೆಟ್ಟದೂರಿನ ರೋಗಿಗಳನ್ನು ಸಂದರ್ಶಿಸುತ್ತ, 1914ರಲ್ಲಿ ಅಲ್ಲಿಯೇ ನಿಧನರಾದರು. ಪೋಪ್ ಎರಡನೇ ಜಾನ್ ಪಾವ್ಲರು 1988ರಲ್ಲಿ ಮಸೇರುವಿಗೆ ಬಂದು ಅವರನ್ನು ಧನ್ಯರೆಂದು ಘೋಷಿಸಿದರು. ರೋಮಾ ಎಂಬ ಊರಿನಲ್ಲಿ 1945ರಲ್ಲಿ ಆರಂಭವಾದ ಕಥೋಲಿಕ ಕಾಲೇಜೇ ಇಂದಿನ ರಾಷ್ಟ್ರೀಯ ವಿಶ್ವವಿದ್ಯಾಲಯದ ಮೂಲ.

ಸಂಕಟ: ವಯಸ್ಕರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಎಚ್‌ಐವಿ ಸೋಂಕಿದೆ. ಹೆತ್ತವರನ್ನು ಕಳೆದುಕೊಂಡ ಎಷ್ಟೋ ಮಕ್ಕಳನ್ನು ಅಜ್ಜಿಯರು ಸಾಕುತ್ತಿದ್ದಾರೆ. ದನ, ಕುರಿ ಕಾಯಲು ಹೋಗುವ ಹುಡುಗರು ಶಾಲೆ ಬಿಡುವುದರಿಂದ ಓದು ಬಲ್ಲವರಲ್ಲಿ ಗಂಡಸರಿಗಿಂತ ಹೆಂಗಸರೇ ಮುಂದೆ. 2025ರಲ್ಲಿ ಅಮೆರಿಕ ನೆರವು ಕಡಿತಗೊಳಿಸಿದಾಗ ತರಬೇತಿ ಪಡೆದ ಅನೇಕ ಸ್ಥಳೀಯ ಆರೋಗ್ಯ ಕಾರ್ಯಕರ್ತರೇ ಕೆಲಸ ಕಳೆದುಕೊಂಡರು.

ಸ್ವಯಂಸೇವಕರು ಇದನ್ನು ಗಮನಿಸಬೇಕು. ಅಲ್ಲಿ ಕೆಲಸ ಬಲ್ಲವರಿದ್ದಾರೆ. ಅವರಿಗೆ ಸಂಬಳ ಕೊಡುವವರಿಲ್ಲ. ಆದ್ದರಿಂದ ಸ್ಥಳೀಯರು ಮಾಡಬಲ್ಲ ಕೆಲಸವನ್ನು ನಾವು ಪುಕ್ಕಟೆಯಾಗಿ ಮಾಡಹೊರಟರೆ ಅದು ಸೇವೆಯಾಗದು. ಅಲ್ಲಿನ ಧರ್ಮಪ್ರಾಂತ್ಯ ಅಥವಾ ಧರ್ಮಭಗಿನಿಯರಿಗೆ ಮೊದಲೇ ಬರೆದು, ಯಾವ ಕೆಲಸಕ್ಕೆ ಜನ ಬೇಕು, ಎಷ್ಟು ತಿಂಗಳು ಬೇಕು ಎಂದು ಕೇಳಿರಿ. ಅನಾಥಾಲಯಕ್ಕೆ ಎರಡು ವಾರಕ್ಕೆಂದು ಹೋಗುವುದು ಒಳಿತಲ್ಲ. ಒಮ್ಮೆ ತಾಯಿತಂದೆಯನ್ನು ಕಳೆದುಕೊಂಡ ಮಗು, ಹಚ್ಚಿಕೊಂಡ ಇನ್ನೊಬ್ಬರನ್ನೂ ಕಳೆದುಕೊಳ್ಳುತ್ತದೆ. ಮಕ್ಕಳ ಫೋಟೊಗಳನ್ನು ಅನುಮತಿಯಿಲ್ಲದೆ ತೆಗೆಯಬೇಡಿ, ಹಂಚಬೇಡಿ.

ಹೊರಡುವ ಮೊದಲು ಕನಿಷ್ಠ ಮೂರು ಮಾತು ಕಲಿಯಿರಿ. ನಮಸ್ಕಾರಕ್ಕೆ 'ದುಮೇಲಾ' (ಬರೆಯುವಾಗ 'ಲುಮೇಲಾ'). ಗಂಡಸರನ್ನು 'ನ್ತಾತೆ' ಅಂದರೆ ತಂದೆ, ಹೆಂಗಸರನ್ನು 'ಮ್ಮೆ' ಅಂದರೆ ತಾಯಿ ಎಂದು ಕರೆಯುವುದು ವಾಡಿಕೆ. ದಾರಿಯಲ್ಲಿ ಸಿಕ್ಕ ಅಪರಿಚಿತರಿಗೂ ವಂದಿಸಿಯೇ ಮುಂದೆ ಹೋಗಬೇಕು. ಆಸಕ್ತರು ಮೊದಲು ತಮ್ಮ ಧರ್ಮಕೇಂದ್ರದ ಗುರುಗಳೊಂದಿಗೆ ಸಮಾಲೋಚಿಸುವುದು ಒಳ್ಳೆಯದು.