ನೆಲಕ್ಕಂಟಿದ ಇಂಪಾಲಾ, ಹದಿಮೂರು ಇಂಚಿನ ಚಕ್ರ: ಒಂದು ಟೈರ್ ಸೈಜಿನ ಚರಿತ್ರೆ

ಭಾಗ 1

ಮೊದಲನೇ ಫೋಟೋ ಝೂಮ್ ಮಾಡಿ ನೋಡಿ. ನಮ್ಮ ಪಿಜಿ ಎದುರಿಗೆ ದಿನಾ ನಿಲ್ಲೋ ಬಿಳಿ ವ್ಯಾಗನ್ ಆರ್, ಬೇಸ್ ಮಾಡೆಲ್ಲು. ಟೈರಿನ ಪಕ್ಕದಲ್ಲಿ ಏನು ಬರೆದಿದೆ? 155/80 ಆರ್ 13. ತರಕಾರಿ ಚೀಲ, ಮಕ್ಕಳ ಸ್ಕೂಲ್ ಬ್ಯಾಗು, ಗ್ಯಾಸ್ ಸಿಲಿಂಡರ್ ಹೊರೋ ಪಾಪದ ಟೈರು. ಇದೇ ಸೈಜು ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಲೋರೈಡರ್ ಕಾರುಗಳ ಪಾಲಿಗೆ ದೇವರಿದ್ದ ಹಾಗೆ. ಕ್ರೋಮ್ ತಂತಿ ಚಕ್ರ, ಕ್ಯಾಂಡಿ ಬಣ್ಣ, ನೆಲಕ್ಕೆ ಹೊಟ್ಟೆ ತಾಗಿಸಿ ಆಮೆ ಥರ ಹೋಗೋ 1964ರ ಶೆವರ್ಲೆ ಇಂಪಾಲಾ. ಅದರ ಕೆಳಗೂ 155/80 ಆರ್ 13!

ಇದು ನನಗೆ ಗೊತ್ತಾದಾಗ ರಾತ್ರಿ ಒಂದೂವರೆ ಗಂಟೆ. ಮಾರನೇ ದಿನ ಕಾಸ್ಟ್ ಅಕೌಂಟಿಂಗ್ ಇಂಟರ್ನಲ್ಸ್ ಇತ್ತು. ಅದರ ಕಥೆ ಬಿಡಿ.

ಹೋದ ವಾರ ಸ್ಟೋರಿಯಲ್ಲಿ ನಮ್ಮಣ್ಣನ ಕಾರು ಹಾಕಿದ್ನಲ್ಲ, ತುಂಬಾ ಜನ ‘ಯಾವ ಸೈಜ್ ಹಾಕಿದ್ರೆ ಉಜ್ಜಲ್ಲ ಗುರು?’ ಅಂತ ಕೇಳಿದ್ರಿ. ಉತ್ತರ ಕೊಡ್ತೀನಿ. ಆದ್ರೆ ಮೊದಲು ಹಳೇ ಕಥೆ. ಕಾರು ಇಳಿಸೋದು ಬರೀ ಶೋಕಿ ಅಂತ ನಮ್ಮ ದೊಡ್ಡಪ್ಪ ಹೇಳ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ.

ಭಾಗ 2

ಎರಡನೇ ಮಹಾಯುದ್ಧ ಮುಗಿದ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಹುಡುಗರ ಕೈಗೆ ಹಳೇ ಕಾರುಗಳು ಸಿಕ್ಕವು. ಬಿಳಿಯ ಹುಡುಗರಲ್ಲಿ ಬಹಳ ಜನ ಹಾಟ್‌ರಾಡ್ ಕಟ್ಟಿದ್ರು: ಭಾರ ಇಳಿಸು, ಎಂಜಿನ್ ಏರಿಸು, ಜೋರಾಗಿ ಓಡಿಸು. ಈಸ್ಟ್ ಲಾಸ್ ಏಂಜಲೀಸ್‌ನ ಮೆಕ್ಸಿಕನ್ ಮೂಲದ ಹುಡುಗರು ಉಲ್ಟಾ ಹಿಡಿದ್ರು. ಕಾರು ತಗ್ಗಿರಬೇಕು, ನಿಧಾನ ಹೋಗಬೇಕು, ಬೀದಿಯಲ್ಲಿ ಕೂತ ಪ್ರತಿಯೊಬ್ಬರೂ ನೋಡಬೇಕು. ಸ್ಪ್ಯಾನಿಶ್‌ನಲ್ಲಿ ಇದಕ್ಕೆ ‘ಬಾಹಿತೊ ಇ ಸುವಾವೆಸಿತೊ’ ಅಂತಾರೆ. ತಗ್ಗಾಗಿ, ನಯವಾಗಿ ಅಂತ ಅರ್ಥ. ನಮ್ಮೂರ ತೇರು ನೆನಪಾಯ್ತು ನನಗೆ. ತೇರು ಬೇಗ ಹೋದ್ರೆ ಏನು ಚಂದ?

ದುಡ್ಡಿರಲಿಲ್ಲ, ಹಾಗಾಗಿ ಉಪಾಯ ಎಲ್ಲ ಅಗ್ಗದ್ದೇ. ಡಿಕ್ಕಿಯಲ್ಲಿ ಮರಳಿನ ಮೂಟೆ ಇಡೋದು. ಸ್ಪ್ರಿಂಗಿನ ಒಂದೆರಡು ಸುತ್ತು ಕತ್ತರಿಸೋದು. ಹಿಂದಿನ ಆಕ್ಸಲ್ ಮತ್ತು ಪಟ್ಟಿ ಸ್ಪ್ರಿಂಗಿನ ನಡುವೆ ದಿಮ್ಮಿ ಕೂರಿಸೋದು. ಮರಳು ಮೂಟೆಯ ಲಾಭ ಏನಂದ್ರೆ, ಬೇಡ ಅಂದಾಗ ತೆಗೀಬಹುದು. ಕತ್ತರಿಸಿದ ಸ್ಪ್ರಿಂಗು ಮತ್ತೆ ಬೆಳೆಯಲ್ಲ.

ಆಮೇಲೆ ಸರ್ಕಾರ ಬಂತು. 1958ರ ಜನವರಿ 1ರಿಂದ ಕ್ಯಾಲಿಫೋರ್ನಿಯಾ ವೆಹಿಕಲ್ ಕೋಡ್‌ನ 24008ನೇ ಸೆಕ್ಷನ್ ಜಾರಿ. ಅದರ ಸಾರ ಇಷ್ಟು: ಮಾರ್ಪಾಡು ಮಾಡಿದ ಕಾರಿನ ಯಾವ ಭಾಗವೂ, ಚಕ್ರ ಬಿಟ್ಟು, ರಿಮ್ಮಿನ ತಳಕ್ಕಿಂತ ಕೆಳಗೆ ಇರಬಾರದು.

ಇಲ್ಲಿ ಸ್ವಲ್ಪ ನಿಲ್ಲಿ. ಕಾನೂನು ‘ನೆಲದಿಂದ ಇಷ್ಟು ಇಂಚು’ ಅನ್ನಲಿಲ್ಲ, ರಿಮ್ಮಿನ ತಳ ಅಂತು. ಇದಕ್ಕೊಂದು ತರ್ಕ ಇದೆ. ಟೈರು ಸಿಡಿದ್ರೆ ಕಾರು ರಿಮ್ಮಿನ ಮೇಲೆ ಕೂರುತ್ತೆ. ಆಗ ಅದಕ್ಕಿಂತ ಕೆಳಗೆ ಇರೋ ಚಾಸಿಸ್ಸು, ಸ್ಟೀರಿಂಗ್ ರಾಡು ಎಲ್ಲ ಡಾಂಬರು ಉಳುತ್ತವೆ. ಕಾರು ಕಟ್ಟೋರು ತಾವೇ ಪಾಲಿಸೋ ನಿಯಮ ಇದು, ಅವರ ಬಾಯಲ್ಲಿ ಸ್ಕ್ರಬ್ ಲೈನ್. ಹಾಗಾಗಿ ಸೆಕ್ಷನ್ನು ಪೂರ್ತಿ ಅಸಂಬದ್ಧ ಅಂತ ನಾನು ಹೇಳಲ್ಲ. ಆದ್ರೆ ಪೊಲೀಸರು ಅದನ್ನ ಹಿಡ್ಕೊಂಡು ನಿಲ್ಲಿಸಿದ್ದು ಯಾರನ್ನ, ಯಾವ ಬೀದಿಯಲ್ಲಿ ಅನ್ನೋದು ಬೇರೆ ಪ್ರಶ್ನೆ. ಅಳತೆ ಪಟ್ಟಿ ಇದ್ದದ್ದು ಪೊಲೀಸರ ಕೈಲಿ, ಕಾರು ಇದ್ದದ್ದು ಚಿಕಾನೊ ಹುಡುಗರ ಕೈಲಿ.

ಭಾಗ 3 (ಇದು ಉದ್ದ ಇದೆ, ಟೀ ಇಟ್ಕೊಳ್ಳಿ)

ರಾನ್ ಅಗಿರ್ರೆ ಅಂತ ಒಬ್ಬ. ಅವನ ಕಾರ್ವೆಟ್ ಕಾರು ತಗ್ಗಿದೆ ಅಂತ ಮತ್ತೆ ಮತ್ತೆ ದಂಡ ಬೀಳ್ತಿತ್ತು. 1959ರಲ್ಲಿ ಅವನು ವಿಮಾನದ ಸರ್ಪ್ಲಸ್ ಹೈಡ್ರಾಲಿಕ್ ಪಂಪು ತಂದು ಕಾರಿಗೆ ಕೂರಿಸಿದ. ಸ್ವಿಚ್ ಒತ್ತಿದ್ರೆ ಕಾರು ಮೇಲೆ, ಇನ್ನೊಂದ್ಸಲ ಒತ್ತಿದ್ರೆ ಕೆಳಗೆ. ಪೊಲೀಸ್ ಕಂಡ್ರೆ ಕಾನೂನಿನ ಎತ್ತರ, ಪೊಲೀಸ್ ದಾಟಿದ್ರೆ ನೆಲ! ಆ ಕಾರಿನ ಹೆಸರು ಎಕ್ಸ್-ಸಾನಿಕ್. ಇವತ್ತು ರೀಲ್ಸ್‌ನಲ್ಲಿ ಕುಣಿಯೋ ಲೋರೈಡರ್ ನೋಡಿ ನಗ್ತೀವಲ್ಲ, ಆ ಕುಣಿತ ಶುರುವಾಗಿದ್ದು ದಂಡ ತಪ್ಪಿಸೋಕೆ.

ಈಗ ಚಕ್ರಕ್ಕೆ ಬರೋಣ. ಇಂಪಾಲಾ ಹುಟ್ಟಿದ್ದು 1958ರಲ್ಲಿ, ಅಂದ್ರೆ ಕಾನೂನು ಬಂದ ವರ್ಷವೇ. 1964ರವರೆಗೆ ಅದರ ಚಾಸಿಸ್ಸು ಇಂಗ್ಲಿಷ್ ಎಕ್ಸ್ ಅಕ್ಷರದ ಆಕಾರದಲ್ಲಿತ್ತು. ಎರಡೂ ಪಕ್ಕದಲ್ಲಿ ದಪ್ಪ ಕಂಬಿ ಇಲ್ಲ. ಹಾಗಾಗಿ ಇಳಿಸೋಕೆ ಹೇಳಿ ಮಾಡಿಸಿದ ಗಾಡಿ. ಕಾರ್ಖಾನೆಯಿಂದ ಬರ್ತಿದ್ದದ್ದು 14 ಇಂಚಿನ ರಿಮ್ಮು, 7.00-14 ಥರದ ಟೈರು. ಹಳೇ ಲೆಕ್ಕದಲ್ಲಿ ಮೊದಲ ಸಂಖ್ಯೆ ಟೈರಿನ ಅಗಲ, ಎರಡನೆಯದು ರಿಮ್ಮು, ಎರಡೂ ಇಂಚಲ್ಲೇ. ಹುಡುಗರು ಅದನ್ನ ಕಿತ್ತು ಹಾಕಿದ್ದು 5.20-14. ಏಳು ಇಂಚಿನ ಜಾಗಕ್ಕೆ ಐದು ಚಿಲ್ಲರೆ ಇಂಚು, ಪಕ್ಕದಲ್ಲಿ ಬಿಳಿ ಗೆರೆ. ಕಾಲಕ್ರಮೇಣ ಅದು 13 ಇಂಚಿಗೆ ಇಳೀತು: 7 ಇಂಚು ಅಗಲದ ತಂತಿ ಚಕ್ರಕ್ಕೆ 155/80 ಆರ್ 13.

ಯಾಕೆ ಇಷ್ಟು ಚಿಕ್ಕದು? ಲೆಕ್ಕ ಹಾಕೋಣ, ನಾವೇನು ಸುಮ್ನೆ ಬಿಕಾಂ ಓದ್ತಿಲ್ಲ. 155 ಅಂದ್ರೆ ಮಿಲಿಮೀಟರ್‌ನಲ್ಲಿ ಟೈರಿನ ಅಗಲ. 80 ಅಂದ್ರೆ ಪಕ್ಕದ ಗೋಡೆ ಆ ಅಗಲದ ಶೇಕಡ 80, ಅಂದ್ರೆ 124 ಮಿಲಿಮೀಟರ್. ಆರ್ ಅಂದ್ರೆ ರೇಡಿಯಸ್ ಅಲ್ಲ ಮಾರಾಯ್ರೆ, ರೇಡಿಯಲ್. ಒಳಗಿನ ದಾರ ಓಡೋ ರೀತಿ ಅದು, ಮಿಶೆಲಿನ್ 1946ರಲ್ಲಿ ಪೇಟೆಂಟ್ ಮಾಡಿದ್ದು. 13 ಇಂಚು ರಿಮ್ಮು 330 ಮಿಲಿಮೀಟರ್. ಮೇಲೊಂದು ಗೋಡೆ, ಕೆಳಗೊಂದು ಗೋಡೆ ಕೂಡಿಸಿದ್ರೆ ಒಟ್ಟು 578. ಮೂಲ ಟೈರು 650ರ ಆಸುಪಾಸು. ವ್ಯತ್ಯಾಸದಲ್ಲಿ ಅರ್ಧ, ಅಂದ್ರೆ ಮೂರೂವರೆ ಸೆಂಟಿಮೀಟರ್, ಒಂದು ಸ್ಪ್ರಿಂಗೂ ಮುಟ್ಟದೆ ಕಾರು ಇಳೀತು. ಜೊತೆಗೆ ಕಿರಿದಾದ ಚಿಕ್ಕ ಟೈರು ಫೆಂಡರ್ ಒಳಗೆ ಆರಾಮಾಗಿ ಕೂರುತ್ತೆ. ಕಾರು ಪೂರ್ತಿ ನೆಲಕ್ಕೆ ಮಲಗಿದ್ರೂ ಉಜ್ಜೋಕೆ ಜಾಗವೇ ಸಿಗಲ್ಲ.

ನಾವು ಮಾಡೋದು ಇದಕ್ಕೆ ಪೂರ್ತಿ ಉಲ್ಟಾ. ಕಾರು ಇಳಿಸ್ತೀವಿ, ಜೊತೆಗೆ ಚಕ್ರ ದೊಡ್ಡದು ಮಾಡ್ತೀವಿ.

ಆಫ್‌ಸೆಟ್ ವಿಷಯದಲ್ಲೂ ಅವರು ನಮಗಿಂತ ಮುಂದೆ. ರಿಮ್ಮು ಬೋಲ್ಟ್ ಆಗೋ ಮುಖ, ರಿಮ್ಮಿನ ನಡುಗೆರೆಯಿಂದ ಎಷ್ಟು ಒಳಗೆ ಅಥವಾ ಹೊರಗೆ ಇದೆ ಅನ್ನೋದೇ ಆಫ್‌ಸೆಟ್. ಹೊರಗಡೆ ಬಟ್ಟಲಿನ ಥರ ಆಳ ಕಾಣೋ ಚಕ್ರಕ್ಕೆ ಅವರ ಭಾಷೆಯಲ್ಲಿ ರಿವರ್ಸ್, ಇನ್ನೊಂದು ಸ್ಟ್ಯಾಂಡರ್ಡ್. ಹಿಂದಿನ ಚಕ್ರವನ್ನ ಅರ್ಧ ಮುಚ್ಚೋ ತಗಡು ಹಾಕಿದವರು ಮುಂದೆ ರಿವರ್ಸ್, ಹಿಂದೆ ಸ್ಟ್ಯಾಂಡರ್ಡ್ ಹಾಕ್ತಾರೆ. ಇಲ್ಲಾಂದ್ರೆ ಆ ತಗಡು ಕೂರಲ್ಲ. ಒಂದೇ ಕಾರಿಗೆ ಎರಡು ಆಫ್‌ಸೆಟ್! ಅಳತೆ ಮಾಡದೆ ಆಗೋ ಕೆಲಸ ಅಲ್ಲ ಇದು.

ತೊಂದರೆ ಇರಲಿಲ್ವಾ? ಇತ್ತು. ಈ ಸೈಜಿನ ಟೈರಿನ ಮೇಲೆ ಸಾಮಾನ್ಯವಾಗಿ 79 ಅಂತ ಇನ್ನೊಂದು ಸಂಖ್ಯೆ ಇರುತ್ತೆ. ಅದು ಲೋಡ್ ಇಂಡೆಕ್ಸ್, ಒಂದು ಟೈರು 437 ಕೆಜಿ ಹೊರಬಹುದು ಅಂತ ಅರ್ಥ. ನಾಲ್ಕಕ್ಕೆ 1748 ಕೆಜಿ. ಇಂಪಾಲಾ ಒಂದೇ ಒಂದೂವರೆ ಟನ್ನಿಗಿಂತ ಜಾಸ್ತಿ ತೂಗುತ್ತೆ. ಅದರ ಮೇಲೆ ಪಂಪು, ಡಿಕ್ಕಿ ತುಂಬ ಬ್ಯಾಟರಿ, ಒಳಗೆ ನಾಲ್ಕು ಜನ. ವ್ಯಾಗನ್ ಆರ್ ಟೈರಿಗೆ ಅದು ಅಂಚಿನ ಮೇಲಿನ ನಡಿಗೆ. ಸ್ಪೀಡೋಮೀಟರೂ ಸುಳ್ಳು ಹೇಳುತ್ತೆ: ಚಿಕ್ಕ ಚಕ್ರ ಜಾಸ್ತಿ ಸುತ್ತು ಸುತ್ತೋದ್ರಿಂದ ಮೀಟರ್ 60 ಅಂದಾಗ ಗಾಡಿ ಹೋಗ್ತಿರೋದು 53. ನಿಧಾನ ಹೋಗೋರಿಗೆ ಅದೇನು ಚಿಂತೆ ಇಲ್ಲ ಬಿಡಿ.

ಭಾಗ 4

1977ರಲ್ಲಿ ಸ್ಯಾನ್ ಹೋಸೆ ಸ್ಟೇಟ್ ಯೂನಿವರ್ಸಿಟಿಯ ಮೂರು ಜನ ವಿದ್ಯಾರ್ಥಿಗಳು ‘ಲೋರೈಡರ್’ ಅಂತ ಪತ್ರಿಕೆ ಶುರು ಮಾಡಿದ್ರು. ನಮ್ಮಂಥ ಸ್ಟೂಡೆಂಟ್ಸೇ. 2019ರವರೆಗೂ ಅಚ್ಚಾಯ್ತು ಅದು. ಅದೇ ಸ್ಯಾನ್ ಹೋಸೆ ನಗರ 1986ರಲ್ಲಿ ಕ್ರೂಸಿಂಗ್‌ಗೆ, ಅಂದ್ರೆ ಒಂದೇ ಬೀದಿಯಲ್ಲಿ ಸುಮ್ಮನೆ ಸುತ್ತೋಕೆ, ನಿಷೇಧ ಹಾಕಿತು. ಎತ್ತಿದ್ದು 2022ರಲ್ಲಿ. ಕೊನೆಗೆ ಇಡೀ ರಾಜ್ಯಕ್ಕೇ ಅನ್ವಯಿಸೋ ಎಬಿ 436 ಅನ್ನೋ ಮಸೂದೆಗೆ 2023ರ ಅಕ್ಟೋಬರ್‌ನಲ್ಲಿ ಗವರ್ನರ್ ಸಹಿ ಬಿತ್ತು. ಕ್ರೂಸಿಂಗ್ ನಿಷೇಧವೂ ಹೋಯ್ತು, ಆ ರಿಮ್ಮಿನ ತಳದ ನಿಯಮವೂ ಹೋಯ್ತು. 1958ರ ಜನವರಿ 1ರಿಂದ 2024ರ ಜನವರಿ 1ರವರೆಗೆ, ಸರಿಯಾಗಿ 66 ವರ್ಷ.

ಆ ನಡುವೆ ಜೆಸ್ಸಿ ವಲಾಡೆಸ್ ಅವರ ಕಾರಿನ ಬಗ್ಗೆ ಹೇಳಲೇಬೇಕು. ಹೆಸರು ಜಿಪ್ಸಿ ರೋಸ್. ಮೈತುಂಬ ಗುಲಾಬಿ ಬಿಡಿಸಿದ 1964ರ ಇಂಪಾಲಾ. ಅವರ ಮೊದಲನೇ ಜಿಪ್ಸಿ ರೋಸ್, 1963ರ ಇಂಪಾಲಾ, ಕಲ್ಲೇಟಿಗೆ ಹಾಳಾಗಿತ್ತು. ಅವರು ಬಿಡಲಿಲ್ಲ, ಇನ್ನೊಂದು ಕಟ್ಟಿದ್ರು. ಅದು 1974ರಲ್ಲಿ ಟೀವಿ ಧಾರಾವಾಹಿಯೊಂದರ ಶುರುವಿನಲ್ಲಿ ಕಾಣಿಸಿಕೊಂಡು ದೇಶಕ್ಕೆಲ್ಲ ಗೊತ್ತಾಯ್ತು. ವಲಾಡೆಸ್ 2011ರಲ್ಲಿ ತೀರಿಕೊಂಡ್ರು. 2017ರಲ್ಲಿ ಆ ಕಾರು ರಾಷ್ಟ್ರೀಯ ಚಾರಿತ್ರಿಕ ವಾಹನಗಳ ಪಟ್ಟಿಗೆ ಸೇರಿ, ವಾಷಿಂಗ್ಟನ್‌ನ ನ್ಯಾಷನಲ್ ಮಾಲ್‌ನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ನಿಂತಿತ್ತು. ಪೊಲೀಸರು ನಿಲ್ಲಿಸಿ ಅಳತೆ ಹಿಡೀತಿದ್ದ ಜಾತಿಯ ಕಾರಿಗೆ ರಾಷ್ಟ್ರೀಯ ಪಟ್ಟಿಯಲ್ಲಿ ಜಾಗ.

ಭಾಗ 5

ದೊಡ್ಡ ಚಕ್ರ, ಫೆಂಡರ್ ಅಂಚಿಗೆ ಸಮ ಕೂರೋ ಸ್ಟೈಲು ನಮಗೆ ಬಂದದ್ದು ಬೇರೆ ದಾರಿಯಿಂದ. ಜಪಾನಿನಲ್ಲಿ ಇಳಿಸಿದ ಕಾರಿಗೆ ಶಾಕೋತಾನ್ ಅಂತಾರೆ. ಅಗಲ ರಿಮ್ಮಿಗೆ ಕಿರಿದಾದ ಟೈರನ್ನ ಎಳೆದು ಕೂರಿಸೋದು ಹಿಪ್ಪಾರಿ. ಚಕ್ರದ ಮೇಲ್ತುದಿ ಒಳಗೆ ವಾಲಿಸೋದು ಒನಿಕ್ಯಾನ್, ಅಂದ್ರೆ ರಾಕ್ಷಸ ಕ್ಯಾಂಬರ್. ಎಳೆದು ವಾಲಿಸಿದ್ರೆ ಟೈರಿನ ಭುಜ ಫೆಂಡರಿಗೆ ತಾಗದೆ ಒಳಗೆ ನುಗ್ಗುತ್ತೆ, ನಿಜ. ಬದಲಿಗೆ ಒಳಅಂಚು ಬೇಗ ಸವೀತದೆ, ಗುಂಡಿಗೆ ರಿಮ್ಮು ನೇರ ಸಿಗುತ್ತೆ. ನಮ್ಮ ರೋಡಿಗೆ ಅದು ಬೇಡ ಅನ್ನೋದು ನನ್ನ ಅಭಿಪ್ರಾಯ, ಬೈಯೋರು ಕಾಮೆಂಟ್‌ನಲ್ಲಿ ಬೈಯಿರಿ.

ಈಗ ಅಣ್ಣನ ಕಾರು. ಹಳೇ ಸೆಡಾನ್, ಮೂಲ ಟೈರು 175/65 ಆರ್ 14, ರಿಮ್ಮಿನ ಅಗಲ 5.5 ಇಂಚು, ಆಫ್‌ಸೆಟ್ 45. ಸ್ಪ್ರಿಂಗ್ ಒಂದು ಸುತ್ತು ಕಟ್ ಮಾಡಿಸಿದ. ಆಮೇಲೆ ಹಾಕಿಸಿದ್ದು 205/45 ಆರ್ 16, ರಿಮ್ಮು 7.5 ಇಂಚು, ಆಫ್‌ಸೆಟ್ 35. ಅಂಗಡಿಯವರು ಹೇಳಿದ್ದು ಇಷ್ಟೇ: ಒಟ್ಟು ಎತ್ತರ ಸೇಮ್ ಇದೆ, ಏನೂ ಆಗಲ್ಲ. ಎತ್ತರದ ಮಾತು ನಿಜ, 583 ಎಲ್ಲಿ, 591 ಎಲ್ಲಿ, ಒಂದು ಚಿಲ್ಲರೆ ಪರ್ಸೆಂಟ್ ವ್ಯತ್ಯಾಸ. ಅಗಲದ ಲೆಕ್ಕ ಯಾರೂ ಹಾಕಲಿಲ್ಲ. ರಿಮ್ಮು 2 ಇಂಚು ಅಗಲ ಆಯ್ತು, ಅದರಲ್ಲಿ ಅರ್ಧ, 25 ಮಿಲಿಮೀಟರ್, ಹೊರಗೆ. ಆಫ್‌ಸೆಟ್ 10 ಕಮ್ಮಿ ಆಯ್ತು, ಅದೂ ಹೊರಗೆ. ಒಟ್ಟು 35 ಮಿಲಿಮೀಟರ್ ಚಕ್ರ ಹೊರಗೆ ಬಂತು, ಮೇಲಿಂದ ಫೆಂಡರು ಕೆಳಗೆ ಇಳಿದಿತ್ತು.

ಖಾಲಿ ಕಾರಿನಲ್ಲಿ ಏನೂ ಗೊತ್ತಾಗಲಿಲ್ಲ. ಹಾಸನದಿಂದ ಅರಸೀಕೆರೆಗೆ ಮದುವೆಗೆ ಹೊರಟಾಗ ಐದು ಜನ. ಪ್ರತಿ ಹಂಪಿಗೂ ಗರ್ ಅನ್ನೋ ಸದ್ದು. ಮೂರನೇ ಹಂಪಿಗೆ ಅಜ್ಜಿ ಬಾಗಿಲು ತೆಗೆದು, ‘ನಾನು ಇಳಿದು ನಡೀತೀನಿ ಕಣಪ್ಪ, ನೀವು ದಾಟಿಸ್ಕೊಂಡು ಬನ್ನಿ’ ಅಂದ್ರು. ಮಂಡಿ ನೋವಿರೋ ಅಜ್ಜಿ, ರೇಷ್ಮೆ ಸೀರೆ ಎತ್ತಿ ಹಿಡ್ಕೊಂಡು ಹಂಪು ದಾಟಿದ್ರು. ಅಣ್ಣ ಯಾರ ಮುಖಾನೂ ನೋಡಲಿಲ್ಲ. ಛತ್ರದ ಹತ್ರ ನಿಲ್ಲಿಸಿ ನೋಡಿದ್ರೆ ಹಿಂದಿನ ಎಡಗಡೆ ಟೈರಿನ ಭುಜ ಸೀಳಿ ಒಳಗಿನ ತಂತಿ ಕಾಣ್ತಿತ್ತು. ಅದು ಬೈಪಾಸ್‌ನಲ್ಲಿ ನೂರರ ಸ್ಪೀಡಲ್ಲಿ ಸಿಡಿದಿದ್ರೆ ಅಂತ ನಾನು ಆವತ್ತು ಊಟ ಮಾಡ್ಲಿಲ್ಲ.

ಭಾಗ 6

ಕೇಳಿದವರಿಗೆ ಉತ್ತರ. ಅಣ್ಣನ ಕಾರಿಗೆ ನಾವಿಬ್ಬರೂ ಕೂತು ಲೆಕ್ಕ ಹಾಕಿದ್ದು 195/50 ಆರ್ 15, ರಿಮ್ಮು 6.5 ಇಂಚು, ಆಫ್‌ಸೆಟ್ 40. ಒಟ್ಟು ಎತ್ತರ 576, ಮೂಲಕ್ಕಿಂತ ಸ್ವಲ್ಪ ಕಮ್ಮಿ. ಹೊರಗೆ ಬರೋದು 18 ಮಿಲಿಮೀಟರ್ ಮಾತ್ರ, ಹಿಂದಿನದರ ಅರ್ಧ. ಅದೂ ಕಾಗದದ ಮೇಲೆ. ಆಮೇಲೆ ಹಿಂದಿನ ಸೀಟಿನಲ್ಲಿ ಮೂರು ಜನ ಕೂರಿಸಿ, ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಫೆಂಡರಿಗೂ ಟೈರಿಗೂ ಮಧ್ಯೆ ಎಷ್ಟು ಬೆರಳು ಹೋಗುತ್ತೆ ಅಂತ ನೋಡಬೇಕು. ಬೋಲ್ಟ್ ತೂತುಗಳ ಅಳತೆ, ನಡುವಿನ ತೂತು, ಲೋಡ್ ಇಂಡೆಕ್ಸ್ ಮೂಲಕ್ಕಿಂತ ಕಮ್ಮಿ ಆಗಬಾರದು ಅನ್ನೋದು, ಇವೆಲ್ಲ ದುಡ್ಡು ಕೊಡೋ ಮುಂಚೆ. ಕಟ್ ಮಾಡಿದ ಸ್ಪ್ರಿಂಗು ಬೇಡವೇ ಬೇಡ. ಚಕ್ರ ಗುಂಡಿಯಲ್ಲಿ ಪೂರ್ತಿ ಕೆಳಗೆ ಜೋತಾಗ ಅದು ತನ್ನ ಬಟ್ಟಲಿಂದ ಜಾರೋ ಸಾಧ್ಯತೆ ಇರುತ್ತೆ.

ಇನ್ನೊಂದು, ನಮ್ಮಲ್ಲೂ ಒಂದು ಸೆಕ್ಷನ್ ಇದೆ: ಮೋಟಾರು ವಾಹನ ಕಾಯ್ದೆ 1988ರ 52. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸಬಾರದು ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಹಾಗಾಗಿ ನಿಮ್ಮದೇ ಮಾಡೆಲ್ಲಿನ ಟಾಪ್ ವೇರಿಯಂಟಿಗೆ ಕಂಪನಿ ಯಾವ ಸೈಜು ಕೊಟ್ಟಿದೆ ಅಂತ ಮೊದಲು ನೋಡಿ. ಜೊತೆಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ಹಂಪಿನ ಎತ್ತರ 10 ಸೆಂಟಿಮೀಟರ್. ನಮ್ಮ ಬೀದಿಯ ಹಂಪು ಯಾರು ಅಳೆದು ಹಾಕಿದ್ದು ಅಂತ ನಿಮಗೇ ಗೊತ್ತು. ಕ್ಯಾಲಿಫೋರ್ನಿಯಾದ ಆ ಹಳೇ ಗೆರೆ, 13 ಇಂಚಿನ ಚಕ್ರಕ್ಕೆ, ಟೈರು ಅಮುಕೋದು ಕಳೆದ್ರೆ 10 ಸೆಂಟಿಮೀಟರ್‌ಗೂ ಸ್ವಲ್ಪ ಕಮ್ಮಿ.

ಅಣ್ಣ ಹೊಸ ಸ್ಪ್ರಿಂಗು ಹಾಕಿಸಿ ಕಾರು ಮೂಲದ ಎತ್ತರಕ್ಕೆ ತಂದಿದ್ದಾನೆ. 16 ಇಂಚಿನ ರಿಮ್ಮು ನಾಲ್ಕೂ ಅಟ್ಟದ ಮೇಲಿವೆ, ಯಾರಿಗಾದ್ರೂ ಬೇಕಿದ್ರೆ ಮೆಸೇಜ್ ಮಾಡಿ, ಆದ್ರೆ ನಿಮ್ಮ ಗಾಡಿಯ ಆಫ್‌ಸೆಟ್ ಹೇಳದೆ ರೇಟ್ ಹೇಳಲ್ಲ. ಕೊನೇ ಫೋಟೋ ಹೋದ ಭಾನುವಾರದ್ದು: ಅಜ್ಜಿ ಮುಂದಿನ ಸೀಟಲ್ಲಿ, ಹಂಪಿನ ಮೇಲೆ, ಕೆಳಗೆ ಇಳೀದೆ.