ಗೇಟಿಲ್ಲದ ಚರ್ಚ್‌ಗೇಟಿಗೆ ಜೋಡಿ ನಡಿಗೆ

ಚರ್ಚ್‌ಗೇಟಿನಲ್ಲಿ ಗೇಟ್ ಎಲ್ಲಿದೆ ಅಂತ ಯಾವತ್ತಾದರೂ ಯೋಚಿಸಿದ್ದೀರಾ? ದಿನಾ ಫೋರ್ಟ್‌ಗೆ ಹೋಗಿ ಬರುತ್ತೀರಿ, ಅಲ್ಲಿ ಒಂದು ಕೋಟೆ ಕಂಡಿದ್ದೀರಾ? ಇಲ್ಲ ತಾನೆ! ಮುಂಬೈನ ಈ ಹಳೇ ಬಡಾವಣೆಯ ತಮಾಷೆಯೇ ಅದು. ವಸ್ತು ಹೋಗಿದೆ, ಹೆಸರು ಉಳಿದಿದೆ. ಈ ಭಾನುವಾರ ಬೆಳಿಗ್ಗೆ ಆ ಹೆಸರುಗಳ ಬೆನ್ನು ಹತ್ತಿ ನಡೆದು ಬನ್ನಿ. ಒಬ್ಬರೇ ಬೇಡ, ಜೊತೆಗೆ ‘ಅವರನ್ನೂ’ ಕರೆದುಕೊಂಡು ಹೋಗಿ.

‘ಅವರು’ ಅಂದರೆ ಯಾರು ಅನ್ನೋದು ನಿಮಗೆ ಬಿಟ್ಟದ್ದು. ಮೊನ್ನೆ ಮೊನ್ನೆ ಪರಿಚಯವಾದವರಿರಬಹುದು, ಮನೆಯವರು ಜಾತಕ ನೋಡಿ ಒಪ್ಪಿಸಿದವರಿರಬಹುದು, ಇಪ್ಪತ್ತು ವರ್ಷ ಜೊತೆಗಿದ್ದೂ ಮಾತಿಗೆ ಪುರುಸೊತ್ತು ಸಿಗದ ನಿಮ್ಮ ಮನೆಯವರೇ ಇರಬಹುದು. ಒಂದು ರೂಮು, ಒಂದು ಅಡುಗೆಮನೆಯ ಈ ಊರಿನಲ್ಲಿ ಇಬ್ಬರು ನೆಮ್ಮದಿಯಾಗಿ ಮಾತಾಡಲು ಜಾಗವಾದರೂ ಎಲ್ಲಿದೆ ಹೇಳಿ? ಮಾಲ್‌ಗೆ ಹೋದರೆ ಜೇಬು ಖಾಲಿ. ಹೋಟೆಲಿನಲ್ಲಿ ಎದುರುಬದುರು ಕೂತರೆ ಇಂಟರ್‌ವ್ಯೂಗೆ ಬಂದಂತೆ ಗಂಟಲು ಒಣಗುತ್ತದೆ. ನಡೆಯುವಾಗ ಹಾಗಲ್ಲ. ಇಬ್ಬರ ಕಣ್ಣೂ ಒಂದೇ ಕಡೆ ನೋಡುತ್ತಿರುತ್ತದೆ. ಮಾತು ನಿಂತರೂ ಬೀದಿ ಮುಂದುವರಿಯುತ್ತದೆ!

ವಿಟಿ ಸ್ಟೇಷನ್ನಿನಿಂದ ಹೊರಟು ಬಜಾರ್ ಗೇಟ್ ಕಡೆಗೆ ಹೆಜ್ಜೆ ಹಾಕಿ. ಇಲ್ಲೂ ಗೇಟಿಲ್ಲ. ಹದಿನೆಂಟನೇ ಶತಮಾನದ ಆರಂಭದಲ್ಲಿ ಇಂಗ್ಲಿಷರು ಊರ ಸುತ್ತ ಗೋಡೆ ಎಬ್ಬಿಸಿದಾಗ ಇಟ್ಟದ್ದು ಮೂರು ಮುಖ್ಯ ಬಾಗಿಲು: ಅಪೊಲೊ ಗೇಟ್, ಚರ್ಚ್ ಗೇಟ್, ಬಜಾರ್ ಗೇಟ್. ರಾತ್ರಿಯಾದರೆ ಮೂರಕ್ಕೂ ಬೀಗ. ಒಳಗೆ ದಕ್ಷಿಣಕ್ಕೆ ಇಂಗ್ಲಿಷರ ಮನೆ, ಕಚೇರಿಗಳು, ಉತ್ತರಕ್ಕೆ ಪಾರ್ಸಿ, ಗುಜರಾತಿ ವ್ಯಾಪಾರಿಗಳ ಇಕ್ಕಟ್ಟಾದ ಓಣಿಗಳು. 1803ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದು ಈ ಉತ್ತರ ಭಾಗದ ಎಷ್ಟೋ ಮನೆಗಳು ಸುಟ್ಟುಹೋದವು. 1862ರಲ್ಲಿ ಗವರ್ನರ್ ಆಗಿ ಬಂದ ಬಾರ್ಟಲ್ ಫ್ರಿಯರ್ ಗೋಡೆಯನ್ನೇ ಕೆಡವಿಸಿಬಿಟ್ಟ. ಊರು ಉಸಿರಾಡಿತು. ಹೆಸರು ಮಾತ್ರ ಗೋಡೆಗಿಂತ ಗಟ್ಟಿ ನೋಡಿ, ಹಾಗೇ ಉಳಿಯಿತು.

ಓಣಿಗಳನ್ನು ದಾಟಿ ಹಾರ್ನಿಮನ್ ಸರ್ಕಲ್‌ಗೆ ಬನ್ನಿ. ಭಾನುವಾರ ಬ್ಯಾಂಕು, ಕಚೇರಿಗಳಿಗೆ ರಜೆ, ಹಾಗಾಗಿ ಬೀದಿ ನಿಮ್ಮಿಬ್ಬರದೇ. ಒಂದು ಕಡೆ 1718ರ ಕ್ರಿಸ್‌ಮಸ್‌ನಂದು ಪ್ರಾರ್ಥನೆಗೆ ತೆರೆದ ಸೇಂಟ್ ಥಾಮಸ್ ಚರ್ಚು. ಚರ್ಚ್‌ಗೇಟಿನ ‘ಚರ್ಚು’ ಇದೇ! ಹಿಂದೆ ಮುಂಬೈನ ಮೈಲಿಗಲ್ಲುಗಳ ಲೆಕ್ಕ ಶುರುವಾಗುತ್ತಿದ್ದದ್ದೂ ಇಲ್ಲಿಂದಲೇ. ಇನ್ನೊಂದು ಕಡೆ 1833ರ ಟೌನ್ ಹಾಲ್. ಅದರ ಮೆಟ್ಟಿಲ ಮೇಲೆ ಸ್ವಲ್ಪ ಕೂತು ಎದುರಿನ ವೃತ್ತಾಕಾರದ ತೋಟ ನೋಡಿ. ಈ ಸರ್ಕಲ್ ಕಟ್ಟಿ ಮುಗಿದದ್ದು 1872ರಲ್ಲಿ. ಆಗ ಅದಕ್ಕೆ ಗವರ್ನರ್ ಎಲ್ಫಿನ್‌ಸ್ಟನ್ ಹೆಸರು. ಸ್ವಾತಂತ್ರ್ಯದ ನಂತರ ಇಟ್ಟದ್ದೂ ಇಂಗ್ಲಿಷರವನ ಹೆಸರನ್ನೇ, ಆದರೆ ಈತ ನಮ್ಮ ಪರ ಬರೆದವನು. ‘ಬಾಂಬೆ ಕ್ರಾನಿಕಲ್’ ಸಂಪಾದಕ ಬಿ.ಜಿ. ಹಾರ್ನಿಮನ್‌ನನ್ನು 1919ರಲ್ಲಿ ಬ್ರಿಟಿಷ್ ಸರ್ಕಾರವೇ ದೇಶದಿಂದ ಗಡೀಪಾರು ಮಾಡಿತ್ತು.

ಈಗ ನಮ್ಮ ಮನೆ ಮಾತಿಗೆ ಬರೋಣ. ತೋಟವಾಗುವ ಮುಂಚೆ ಇದು ‘ಬಾಂಬೆ ಗ್ರೀನ್’ ಎಂಬ ಬಯಲು. 1844ರಲ್ಲಿ ಹತ್ತಿ ಮಾರುಕಟ್ಟೆ ಕೊಲಾಬಾಕ್ಕೆ ಹೋಗುವ ತನಕ ಇಲ್ಲಿ ಹತ್ತಿ ಮೂಟೆಗಳ ಗುಡ್ಡವೇ ಇರುತ್ತಿತ್ತು. ಮುಂದೆ 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಂದ ಬರುತ್ತಿದ್ದ ಹತ್ತಿ ನಿಂತಿತು, ಮುಂಬೈ ಹತ್ತಿಗೆ ಬಂಗಾರದ ಬೆಲೆ ಬಂತು. ಆ ಹತ್ತಿ ಬರೀ ಗುಜರಾತಿನದಲ್ಲ ಸ್ವಾಮಿ, ನಮ್ಮ ಧಾರವಾಡ ಸೀಮೆಯ ಕಪ್ಪು ಮಣ್ಣಿನದೂ ಹೌದು! ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು, ಕುಮಟಾ ಬಂದರಿನಲ್ಲಿ ಹಡಗೇರಿ ಅದು ಮುಂಬೈ ಸೇರುತ್ತಿತ್ತು. ಹತ್ತಿಯ ಒಂದು ತಳಿಗೆ ವ್ಯಾಪಾರಿಗಳ ಬಾಯಲ್ಲಿ ‘ಕುಮ್ಟಾ’ ಅಂತಲೇ ಹೆಸರು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ಬಿಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಕಾರವಾರ ಬಂದರು ಮತ್ತು ಇದೇ ಹತ್ತಿಯ ಲೆಕ್ಕಾಚಾರವಿತ್ತು.

ಹತ್ತಿಯ ದುಡ್ಡು ಶೇರುಗಳಿಗೆ ಹರಿಯಿತು. ಟೌನ್ ಹಾಲ್ ಎದುರಿನ ಆಲದ ಮರದಡಿ ನಿಂತು ವ್ಯವಹಾರ ಮಾಡುತ್ತಿದ್ದ ದಲ್ಲಾಳಿಗಳೇ ಮುಂದೆ 1875ರಲ್ಲಿ ಸಂಘ ಕಟ್ಟಿದರು, ಅದೇ ಇವತ್ತಿನ ಬಾಂಬೆ ಸ್ಟಾಕ್ ಎಕ್ಸ್‌ಚೇಂಜ್. ಆದರೆ ಅದಕ್ಕೂ ಮುಂಚೆ, 1865ರಲ್ಲಿ ಅಮೆರಿಕದ ಯುದ್ಧ ಮುಗಿದು ಹತ್ತಿ ಬೆಲೆ ನೆಲಕಚ್ಚಿದಾಗ ನಿನ್ನೆಯ ಸಾಹುಕಾರರು ಬೆಳಗಾಗುವಷ್ಟರಲ್ಲಿ ದಿವಾಳಿ!

ಇದನ್ನು ಮಾತಾಡುತ್ತಾ ಫ್ಲೋರಾ ಫೌಂಟನ್ ತನಕ ಬನ್ನಿ. 1864ರ ಈ ಕಾರಂಜಿ ನಿಂತಿರುವುದು ಹಳೇ ಚರ್ಚ್ ಗೇಟ್ ಇದ್ದ ಜಾಗದ ಹತ್ತಿರ. ಪಕ್ಕದಲ್ಲೇ ಹುತಾತ್ಮ ಸ್ಮಾರಕ. 1955ರ ನವೆಂಬರ್ 21ರಂದು ಸಂಯುಕ್ತ ಮಹಾರಾಷ್ಟ್ರ ಚಳವಳಿಗಾರರ ಮೇಲೆ ಇಲ್ಲಿ ಗುಂಡು ಹಾರಿತು. ಮರುವರ್ಷ ನವೆಂಬರ್ 1ರಂದು ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿದವು. ಭಾಷೆಗಾಗಿ ಜನ ಎಷ್ಟು ಕೊಟ್ಟಿದ್ದಾರೆ ಅನ್ನುವುದು ನೆನಪಾಗಿ ಒಂದು ನಿಮಿಷ ಮಾತು ನಿಂತರೆ ನಿಲ್ಲಲಿ.

ಅಲ್ಲಿಂದ ಕಾಲಾ ಘೋಡಾ. ಕುದುರೆ ಏರಿದ್ದ ಏಳನೇ ಎಡ್ವರ್ಡ್‌ನ ಪ್ರತಿಮೆಯನ್ನು 1965ರಲ್ಲೇ ಎಬ್ಬಿಸಿ ಭಾಯ್ಖಳಾದ ರಾಣಿಬಾಗಿಗೆ ಕಳಿಸಿದರು. ಆದರೂ ಜನ ‘ಕಾಲಾ ಘೋಡಾ’ ಅನ್ನುವುದನ್ನು ಬಿಡಲಿಲ್ಲ. ಕೊನೆಗೆ 2017ರಲ್ಲಿ ಸವಾರನೇ ಇಲ್ಲದ ಹೊಸ ಕುದುರೆಯನ್ನು ತಂದು ನಿಲ್ಲಿಸಿದರು. ರಾಜ ಹೋದ, ಕುದುರೆ ವಾಪಸ್ಸು ಬಂತು! ಪಕ್ಕದಲ್ಲಿರುವುದು ಕಬ್ಬಿಣದ ಚೌಕಟ್ಟಿನ ಹಳೇ ವಾಟ್ಸನ್ ಹೋಟೆಲ್. 1896ರ ಜುಲೈ 7ರಂದು ಲ್ಯೂಮಿಯೇರ್ ಸಹೋದರರ ಸಿನಿಮಾ ಈ ದೇಶದಲ್ಲಿ ಮೊದಲು ತೋರಿಸಿದ್ದು ಅಲ್ಲೇ.

ಕೊನೆಗೆ ಓವಲ್ ಮೈದಾನದ ಅಂಚಿಗೆ ಬಂದು ರಾಜಾಬಾಯಿ ಗಡಿಯಾರದ ಗೋಪುರ ನೋಡಿ. ಹತ್ತಿ, ಶೇರಿನಿಂದ ಕುಬೇರನಾದ ಪ್ರೇಮಚಂದ್ ರಾಯ್‌ಚಂದ್ ತನ್ನ ತಾಯಿಯ ಹೆಸರಿನಲ್ಲಿ ಇದಕ್ಕೆ ದಾನ ಕೊಟ್ಟದ್ದು 1864ರಲ್ಲಿ. ಮರುವರ್ಷದ ಕುಸಿತದಲ್ಲಿ ಅವನೂ ಮುಳುಗಿದ. ಗೋಪುರ ಮಾತ್ರ 1878ರಲ್ಲಿ 280 ಅಡಿ ಎತ್ತರಕ್ಕೆ ಎದ್ದು ನಿಂತಿತು. 2018ರಲ್ಲಿ ಈ ಮೈದಾನದ ಸುತ್ತಲಿನ ಕಟ್ಟಡಗಳು ವಿಶ್ವ ಪರಂಪರೆಯ ಪಟ್ಟಿಗೂ ಸೇರಿದವು.

ಇಷ್ಟೆಲ್ಲ ಯಾಕೆ ಹೇಳಿದೆ ಗೊತ್ತಾ? ಮುಂಬೈನಲ್ಲಿ ನಾಲ್ಕು ತಲೆಮಾರು ಕಳೆದ ಮೇಲೂ ನಮ್ಮಲ್ಲಿ ಅನೇಕರು ‘ನಾವು ಹೊರಗಿನವರು, ಹೊಟ್ಟೆಪಾಡಿಗೆ ಬಂದವರು’ ಅನ್ನುತ್ತಾರೆ. ಇದೇ ಫೋರ್ಟ್‌ನ ಹೋಟೆಲುಗಳಲ್ಲಿ ಹಗಲೆಲ್ಲ ತಟ್ಟೆ ತೊಳೆದು ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದ ಹುಡುಗರು ನಮ್ಮವರು. ಅವರಿಗಿಂತ ಮುಂಚೆಯೇ ಬಂದದ್ದು ನಮ್ಮ ಹೊಲದ ಹತ್ತಿ. ಈ ಕಲ್ಲುಗಳಲ್ಲಿ ಹೆಸರು ಕೆತ್ತಿಸಿಕೊಳ್ಳದ ನಮ್ಮ ರೈತರ ಬೆವರೂ ಸೇರಿದೆ. ಹಾಗಿದ್ದ ಮೇಲೆ ಈ ಬೀದಿಯಲ್ಲಿ ನೀವು ಅತಿಥಿಗಳಲ್ಲ, ಪಾಲುದಾರರು.

ಇನ್ನು ನಾಲ್ಕು ಹೆಜ್ಜೆಗೆ ಚರ್ಚ್‌ಗೇಟ್ ಸ್ಟೇಷನ್. ಗೇಟ್ ಎಲ್ಲಿತ್ತು ಅಂತ ಈಗ ನಿಮಗೆ ಗೊತ್ತು, ‘ಅವರಿಗೂ’ ಗೊತ್ತು. ಇಬ್ಬರಿಗೂ ಒಟ್ಟಿಗೆ ಗೊತ್ತಾದ ಒಂದು ವಿಷಯವಂತೂ ಆಯಿತಲ್ಲ! ಲೋಕಲ್ ಹತ್ತುವ ಮುಂಚೆ ಒಂದು ಕಟಿಂಗ್ ಚಹಾ ಹೇಳಿ. ಇಬ್ಬರಿಗೆ ಎರಡಲ್ಲ, ಮೊದಲ ಸಲ ಒಂದೇ ಸಾಕು, ಏನಂತೀರಿ?